ಬೀಗಿತ್ತಿಯ ಸನ್ಮಾನಕ್ಕೆ ಖಂಡಿತ ಹೋಗಿ

ಮೇಡಂ, ನಿಮ್ಮ ಅಳಿಯನ ಅಮ್ಮನಿಗೆ ಅಮೆರಿಕದ ಅವರ ಹೈಸ್ಕೂಲಿನ ಹಾಲ್ ಆಫ್ ಫೇಮ್ (ಹೆಸರು ಮಾಡಿದ ಹಳೆಯ ಆಟಗಾರರ ಗೌರವ ಪಟ್ಟಿ) ಔತಣದಲ್ಲಿ ಸನ್ಮಾನ ಇದೆ, ಅಷ್ಟು ದೂರ ಹೋಗಲೇಬೇಕಾ ಅಂತ ಕೇಳಿದ್ದೀರಿ. ಹೋಗಲೇಬೇಕು. ಅವರು ಬ್ಯಾಸ್ಕೆಟ್‌ಬಾಲ್ ಆಡಿದ್ದು 1974ರಲ್ಲಿ ಅಂದಿರಲ್ಲ, ಅದು ಸಣ್ಣ ಮಾತಲ್ಲ. ಅಮೆರಿಕದ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಭೇದ ಮಾಡಬಾರದೆಂಬ ಟೈಟಲ್ ನೈನ್ ಕಾನೂನು ಬಂದದ್ದೇ 1972ರಲ್ಲಿ. ಆ ಕಾನೂನು ಬರುವ ಹೊತ್ತಿಗೆ ಆ ದೇಶದ ಹೈಸ್ಕೂಲ್ ತಂಡಗಳಲ್ಲಿ ಆಡುತ್ತಿದ್ದ ಹುಡುಗಿಯರು 3 ಲಕ್ಷವೂ ಇರಲಿಲ್ಲ. ಈಗ 30 ಲಕ್ಷ ದಾಟಿದ್ದಾರೆ. ದಾರಿ ಮಾಡಿಕೊಟ್ಟವರಲ್ಲಿ ನಿಮ್ಮ ಬೀಗಿತ್ತಿಯೂ ಒಬ್ಬರು!

ಸಾಮಾನ್ಯವಾಗಿ ಹಳೆಯ ಕೋಚೋ ಜೊತೆಗೆ ಆಡಿದವರೋ ಎದ್ದು ಪರಿಚಯ ಮಾಡಿಕೊಡುತ್ತಾರೆ, ಆಮೇಲೆ ಫಲಕ ಕೊಡುತ್ತಾರೆ. ಊಟದ ಟಿಕೆಟ್ ಮೊದಲೇ ತಗೊಳ್ಳಿ, ಸಸ್ಯಾಹಾರ ಅಂತ ಆಗಲೇ ಹೇಳಿಬಿಡಿ. ರೇಷ್ಮೆ ಸೀರೆ ಧಾರಾಳವಾಗಿ ಉಡಿ. ಶಾಲು ಹೊದಿಸುವ ಆಸೆಯಿದ್ದರೆ ಮನೆಯಲ್ಲೇ ಹೊದಿಸಿ, ವೇದಿಕೆ ಶಾಲೆಯವರಿಗೆ ಇರಲಿ.