ಅಡುಗೆಮನೆ ಪ್ರಶ್ನೋತ್ತರ: ಹೆಚ್ಚಿದ್ದು, ಸುಲಿದದ್ದು, ಬೇಯಿಸಿದ್ದು ತಂದ್ರೆ ಅದು ಅಡುಗೆ ಅಲ್ವಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದಿದ್ದು ಒಂದೇ ವಿಷಯ: ಅಡುಗೆ ಮಾಡೋಕೆ ಮನಸ್ಸಿದೆ, ಆದ್ರೆ ಕೈ ಬಗ್ಗಲ್ಲ, ನಿಂತ್ಕೊಳ್ಳೋಕಾಗಲ್ಲ, ಶಕ್ತಿ ಇಲ್ಲ, ರೆಡಿ ಸಿಗೋದನ್ನ ತಗೋಬಹುದಾ ಅಂತ. ಖಂಡಿತ ತಗೋಬಹುದು. ಯಾವ್ದನ್ನ ಹೇಗೆ ಅನ್ನೋದು ಕೆಳಗಿದೆ.

ಪ್ರಶ್ನೆ: ನಂಗೆ ಅರವತ್ತು ದಾಟಿದೆ, ಕೈ ಬೆರಳುಗಳಲ್ಲಿ ಸಂಧಿವಾತ. ಬೆಳ್ಳುಳ್ಳಿ ಸುಲಿಯೋದು, ಈರುಳ್ಳಿ ಹೆಚ್ಚೋದು ಅಂದ್ರೇನೇ ಭಯ. ಒಲೆ ಮುಂದಿನ ಕೆಲಸ ಮಾತ್ರ ಈಗ್ಲೂ ಆರಾಮಾಗಿ ಮಾಡ್ತೀನಿ. ಮನೇಲಿ ಎಲ್ರೂ ಇನ್ಮೇಲೆ ಊಟ ಹೊರಗಿಂದ ತರಿಸೋಣ ಅಂತಾರೆ, ನಂಗೆ ಅದು ಬೇಡ. ಏನ್ ಮಾಡ್ಲಿ?

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ ನೋಡಿ. ನಿಮಗೆ ಕಷ್ಟ ಆಗ್ತಿರೋದು ಅಡುಗೆ ಅಲ್ಲ, ಸುಲಿಯೋದು ಮತ್ತು ಹೆಚ್ಚೋದು. ಹಾಗಿದ್ಮೇಲೆ ಆ ಎರಡು ಕೆಲಸ ಮಾತ್ರ ಅಂಗಡಿಯಿಂದ ಕೊಂಡ್ಕೊಳ್ಳಿ, ಉಳಿದಿದ್ದು ನಿಮ್ಮ ಕೈಯಲ್ಲೇ ಇರಲಿ. ರೆಡಿ ಸಾಮಾನು ಅಂದ ತಕ್ಷಣ ಜನ ಬಿಸಿ ಮಾಡಿ ತಿನ್ನೋ ಪೂರ್ತಿ ಊಟದ ಪ್ಯಾಕೆಟ್ಟೇ ಅಂದ್ಕೊಳ್ತಾರೆ, ಆದ್ರೆ ಸುಲಿದ ಬೆಳ್ಳುಳ್ಳಿ, ಹೆಚ್ಚಿ ಫ್ರೀಜ್ ಮಾಡಿದ ಈರುಳ್ಳಿ, ಶುಂಠಿ ಪೇಸ್ಟ್, ಡಬ್ಬಿಯಲ್ಲಿ ಬರೋ ಹೆಚ್ಚಿದ ಟೊಮ್ಯಾಟೊ ಇವೆಲ್ಲ ಅರ್ಧ ದಾರಿವರೆಗೆ ಮಾತ್ರ ಬಂದಿರೋ ಸಾಮಾನು, ರುಚಿ ಕೊಡೋದು ನೀವೇ.

ಬೆಳ್ಳುಳ್ಳಿ ಸುಲಿಯೋವಾಗ ಯಾಕಷ್ಟು ನೋವು ಅಂತ ಹೇಳ್ತೀನಿ. ಹೆಬ್ಬೆರಳು ತೋರುಬೆರಳ ತುದಿಯಲ್ಲಿ ಏನನ್ನಾದ್ರೂ ಒತ್ತಿ ಹಿಡಿದಾಗ ಆ ಒತ್ತಡ ತುದಿಯಲ್ಲೇ ನಿಲ್ಲಲ್ಲ, ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಹತ್ರ ಇರೋ ಕೀಲಿನ ಮೇಲೆ ಸುಮಾರು 12 ಪಟ್ಟು ಆಗಿ ಬೀಳತ್ತೆ. ತುದಿಯಲ್ಲಿ 1 ಕೆಜಿ ಒತ್ತಿದ್ರೆ ಬುಡದಲ್ಲಿ 12 ಕೆಜಿ ಹತ್ರ. ಸಿಪ್ಪೆ ಚಿವುಟೋದು, ಪ್ಯಾಕೆಟ್ ಹರಿಯೋದು, ಮುಚ್ಚಳ ತಿರುಗಿಸೋದು ಎಲ್ಲ ಇದೇ ಹಿಡಿತ. ಹಾಗಾಗಿ ಇದು ಸೋಮಾರಿತನ ಅಂತ ಯಾರಾದ್ರೂ ಅಂದ್ರೆ ತಲೆ ಕೆಡಿಸ್ಕೋಬೇಡಿ.

ಫ್ರೀಜ್ ಮಾಡಿದ ಈರುಳ್ಳಿನ ಕರಗಿಸ್ಬೇಡಿ, ಫ್ರೀಜರಿಂದ ನೇರ ಬಿಸಿ ಎಣ್ಣೆಗೆ ಹಾಕಿ, ಸಿಡಿಯತ್ತೆ, ಸ್ವಲ್ಪ ದೂರ ನಿಂತ್ಕೊಳ್ಳಿ. ಒಳಗಿರೋ ನೀರು ಐಸ್ ಆಗಿ ಜೀವಕೋಶ ಒಡೆದಿರತ್ತಲ್ಲ, ಅದಕ್ಕೇ ಮೊದಲು ತುಂಬ ನೀರು ಬಿಡತ್ತೆ, ಆ ನೀರು ಪೂರ್ತಿ ಆರೋವರೆಗೂ ಕೆಂಪಗಾಗಲ್ಲ. ಉರಿ ಜಾಸ್ತಿ ಇಟ್ಟು ಅಗಲವಾದ ಬಾಣಲೆ ತಗೊಂಡ್ರೆ ಬೇಗ ಆಗತ್ತೆ. ಹಸಿಯಾಗಿ ತಿನ್ನೋ ಸಲಾಡ್‌ಗೆ ಮಾತ್ರ ಅದು ಬೇಡ, ಮೆತ್ತಗಿರತ್ತೆ. ಕಣ್ಣೀರಿನ ಕಾಟವೂ ಇರಲ್ಲ, ಯಾಕಂದ್ರೆ ಆ ಘಾಟು ಅನಿಲ ಹುಟ್ಟೋದು ಹೆಚ್ಚೋ ಹೊತ್ತಲ್ಲಿ, ಅದು ಫ್ಯಾಕ್ಟರಿಯಲ್ಲೇ ಮುಗಿದಿರತ್ತೆ.

ಸುಲಿದ ಬೆಳ್ಳುಳ್ಳಿ ಫ್ರಿಜ್ಜಲ್ಲೇ ಇರಬೇಕು, ಲೋಳೆ ಬಂದ್ರೆ ಎಸೀರಿ. ಒಂದು ಮಾತು ಮಾತ್ರ ದಯವಿಟ್ಟು ನೆನಪಿಡಿ: ಬೆಳ್ಳುಳ್ಳಿನ ಎಣ್ಣೆಯಲ್ಲಿ ಮುಳುಗಿಸಿ ಅಡುಗೆಕಟ್ಟೆ ಮೇಲೆ ಇಡೋದು ಬೇಡವೇ ಬೇಡ. ಎಣ್ಣೆ ಒಳಗೆ ಗಾಳಿ ಇರಲ್ಲ, ಬೊಟುಲಿಸಂ ಅನ್ನೋ ಜೀವಕ್ಕೇ ಅಪಾಯದ ಕಾಯಿಲೆ ತರೋ ಬ್ಯಾಕ್ಟೀರಿಯಾಗೆ ಅದೇ ಬೇಕಿರೋದು, ವಾಸನೆ ಬಣ್ಣ ಏನೂ ಬದಲಾಗದೇನೇ ವಿಷ ಸೇರ್ಕೊಳ್ಳಬಹುದು. ಅಂಗಡಿ ಬಾಟಲಿಯಲ್ಲಿ ಬರೋದಕ್ಕೆ ಆಮ್ಲ ಸೇರಿಸಿರ್ತಾರೆ, ಮನೇಲಿ ಮಾಡಿದ್ದಕ್ಕೆ ಆ ರಕ್ಷಣೆ ಇಲ್ಲ. ಜಾಸ್ತಿ ದಿನ ಬೇಕಿದ್ರೆ ಪೇಸ್ಟ್ ಮಾಡಿ ಐಸ್ ಟ್ರೇಯಲ್ಲಿ ಫ್ರೀಜ್ ಮಾಡಿ.

ಗಟ್ಟಿ ಮುಚ್ಚಳದ ಬಾಟಲಿಗೆ, ಚಮಚದ ತುದಿನ ಮುಚ್ಚಳದ ಅಂಚಿಗೆ ಸಿಕ್ಕಿಸಿ ಮೆಲ್ಲಗೆ ಎತ್ತಿ, ಟಕ್ ಅಂತ ಶಬ್ದ ಬಂದ್ರೆ ಒಳಗಿನ ನಿರ್ವಾತ ಹೋಯ್ತು ಅಂತ, ಆಮೇಲೆ ಸಲೀಸಾಗಿ ತಿರುಗತ್ತೆ. ಉಪಕರಣ ಕೊಳ್ಳೋವಾಗ ದಪ್ಪ, ಮೆತ್ತನೆ ಹಿಡಿಯ ಪೀಲರ್, ಚಾಕು ಹುಡುಕಿ. ಇವು ಅಷ್ಟು ಸುಲಭವಾಗಿ ಸಿಗೋ ಹಾಗಾಗಿದ್ದರ ಹಿಂದೆ ಒಂದು ಒಳ್ಳೆ ಕಥೆ ಇದೆ, ಸ್ಯಾಮ್ ಫಾರ್ಬರ್ ಅನ್ನೋರ ಹೆಂಡತಿ ಬೆಟ್ಸಿ ಅವರಿಗೆ ಸಂಧಿವಾತ ಇತ್ತು, ಮಾಮೂಲಿ ಪೀಲರ್ ಹಿಡಿಯೋಕೇ ಕಷ್ಟ ಆಗ್ತಿತ್ತು, ಅದನ್ನ ನೋಡಿ ಹುಟ್ಟಿದ್ದೇ 1990ರಲ್ಲಿ ಬಂದ ಆಕ್ಸೋ ಗುಡ್ ಗ್ರಿಪ್ಸ್ ಅನ್ನೋ ದಪ್ಪ ಹಿಡಿಯ ಅಡುಗೆ ಉಪಕರಣಗಳು. ಈಗ ಕೈ ಚೆನ್ನಾಗಿರೋರೂ ಅವನ್ನೇ ಬಳಸ್ತಾರೆ.

ಪ್ರಶ್ನೆ: ಫ್ರೋಜನ್ ತರಕಾರೀಲಿ ಸತ್ವನೇ ಇರಲ್ಲ ಅಂತ ಎಲ್ರೂ ಹೇಳ್ತಾರೆ, ನಿಜಾನಾ? ನಾನು ವಾರಕ್ಕೊಂದ್ಸಲ ಮಾತ್ರ ಅಂಗಡಿಗೆ ಹೋಗೋಕಾಗೋದು.

ಉತ್ತರ: ನಿಜ ಅಲ್ಲ. ಫ್ರೀಜ್ ಮಾಡೋ ತರಕಾರೀನ ಸಾಮಾನ್ಯವಾಗಿ ಕೊಯ್ದ ಕೆಲವೇ ಗಂಟೆಗಳಲ್ಲಿ ಫ್ಯಾಕ್ಟರಿಗೆ ತಂದು, ಸ್ವಲ್ಪ ಹೊತ್ತು ಬಿಸಿನೀರು ಇಲ್ಲಾ ಹಬೆ ತೋರಿಸಿ, ತಕ್ಷಣ ತಣ್ಣಗೆ ಮಾಡಿ ಫ್ರೀಜ್ ಮಾಡ್ತಾರೆ. ಆ ಬಿಸಿನೀರಿನ ಹಂತದಲ್ಲಿ ವಿಟಮಿನ್ ಸಿ ಸ್ವಲ್ಪ ಹೋಗತ್ತೆ, ಅದು ಹೌದು, ಆದ್ರೆ ತರಕಾರೀನ ಕೆಡಿಸೋ ಕಿಣ್ವಗಳು ಅಲ್ಲೇ ನಿಂತು ಹೋಗೋದ್ರಿಂದ ಉಳಿದಿದ್ದು ತಿಂಗಳುಗಟ್ಟಲೆ ಹೆಚ್ಚುಕಮ್ಮಿ ಹಾಗೇ ಇರತ್ತೆ. ತಾಜಾ ಅಂತ ತಂದ ಪಾಲಕ್ ಸೊಪ್ಪು ಫ್ರಿಜ್ಜಲ್ಲಿ ನಾಲ್ಕೈದು ದಿನ ಕೂತ್ರೆ ಅದರ ವಿಟಮಿನ್ ಸಿ ದಿನಾ ಇಳೀತಾನೇ ಇರತ್ತೆ. ವಾರಕ್ಕೊಂದ್ಸಲ ಅಂಗಡಿಗೆ ಹೋಗೋ ನಿಮಗೆ ವಾರದ ಕೊನೇಲಿ ಫ್ರೋಜನ್ನೇ ಮೇಲು ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ತರೋವಾಗ ಪ್ಯಾಕೆಟ್ ಅಲ್ಲಾಡಿಸಿ ನೋಡಿ. ಬಟಾಣಿ ಬಿಡಿ ಬಿಡಿಯಾಗಿ ಗಲಗಲ ಅನ್ನಬೇಕು. ಒಂದೇ ಗಡ್ಡೆ ಆಗಿದ್ರೆ ಮಧ್ಯದಲ್ಲಿ ಕರಗಿ ಮತ್ತೆ ಗಟ್ಟಿಯಾಗಿರೋ ಸಾಧ್ಯತೆ ಜಾಸ್ತಿ, ಬಿಟ್ಬಿಡಿ. ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಲಿ.

ಮತ್ತೆ ಇನ್ನೊಂದು, ಇದನ್ನ ತುಂಬಾ ಜನ ಗಮನಿಸೋದೇ ಇಲ್ಲ. ಫ್ರೋಜನ್ ತರಕಾರಿ ನೋಡೋಕೆ ಬೆಂದಂಗೆ ಇದ್ರೂ ಅದು ಬೆಂದಿರೋದಲ್ಲ. ಯುರೋಪಿನಲ್ಲಿ 2015ರಿಂದ 2018ರ ಮಧ್ಯೆ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾದ ಸೋಂಕು ಹರಡಿ 47 ಜನರಿಗೆ ಕಾಯಿಲೆ ಬಂತು, 9 ಜನ ತೀರ್ಕೊಂಡ್ರು, ಹುಡುಕ್ತಾ ಹೋದ್ರೆ ಮೂಲ ಫ್ರೋಜನ್ ಜೋಳದ ಕಾಳು ಮತ್ತೆ ಬೇರೆ ಫ್ರೋಜನ್ ತರಕಾರಿ. ಫ್ರೀಜ್ ಮಾಡಿದ್ರೆ ಈ ಬ್ಯಾಕ್ಟೀರಿಯಾ ಸಾಯಲ್ಲ, ಚೆನ್ನಾಗಿ ಬೇಯಿಸಿದ್ರೆ ಸಾಯತ್ತೆ. ಕರಗಿಸಿ ಹಾಗೇ ಸಲಾಡ್‌ಗೆ ಸುರೀಬೇಡಿ, ಮನೇಲಿ ಗರ್ಭಿಣಿಯರು, ವಯಸ್ಸಾದೋರು ಇದ್ರೆ ಅಂತೂ ಬೇಡವೇ ಬೇಡ.

ಪ್ರಶ್ನೆ: ರೆಡಿ ಬೆಳ್ಳುಳ್ಳಿ ಪೇಸ್ಟ್ ಹಸಿರು ಬಣ್ಣಕ್ಕೆ ತಿರುಗಿದೆ, ಎಸೀಬೇಕಾ?

ಉತ್ತರ: ಬೇಡ. ಬೆಳ್ಳುಳ್ಳಿಯ ಗಂಧಕದ ಅಂಶಕ್ಕೂ ಅದರಲ್ಲೇ ಇರೋ ಅಮೈನೋ ಆಮ್ಲಗಳಿಗೂ ಹುಳಿ ಸೇರಿದಾಗ ಆಗೋ ಬಣ್ಣ ಅದು, ತೊಂದರೆ ಇಲ್ಲ. ಮೇಲೆ ನವಿರಾದ ಬೂಸ್ಟು ಕಂಡ್ರೆ, ಕೆಟ್ಟ ವಾಸನೆ ಬಂದ್ರೆ ಮಾತ್ರ ಎಸೀರಿ.

ಪ್ರಶ್ನೆ: ಕಾಳು ನೆನೆಸೋದು ಮರ್ತೇ ಹೋಗತ್ತೆ, ಡಬ್ಬಿಯಲ್ಲಿ ಬರೋ ಬೆಂದ ಕಾಳು ತಗೊಳ್ಳೋಣ ಅಂದ್ರೆ ಉಪ್ಪು ಜಾಸ್ತಿ ಅಂತಾರೆ. ನಂಗೆ ಬಿಪಿ ಬೇರೆ ಇದೆ.

ಉತ್ತರ: ಮೊದಲು ಉಪ್ಪು ಹಾಕದೇ ಇರೋ ಡಬ್ಬಿ ಸಿಗತ್ತಾ ನೋಡಿ. ಸಿಗದಿದ್ರೆ ಕಾಳನ್ನ ಜರಡಿಗೆ ಸುರಿದು ಆ ಗಟ್ಟಿ ನೀರು ಪೂರ್ತಿ ಬಸಿದು, ನಲ್ಲಿ ಕೆಳಗೆ ಹಿಡಿದು ನೊರೆ ಹೋಗೋವರೆಗೂ ತೊಳೀರಿ. ಇಷ್ಟು ಮಾಡಿದ್ರೆ ಸೋಡಿಯಂ ಸುಮಾರು 40 ಶೇಕಡಾ ಕಮ್ಮಿ ಆಗತ್ತೆ. ಲೇಬಲ್ ಮೇಲೆ ಸೋಡಿಯಂ ಅಂತ ಬರೆದಿದ್ರೆ ಅದನ್ನ ಎರಡೂವರೆಯಿಂದ ಗುಣಿಸಿ, ಉಪ್ಪು ಎಷ್ಟು ಅಂತ ಗೊತ್ತಾಗತ್ತೆ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ ಒಳಗಿರಲಿ ಅನ್ನತ್ತೆ ವಿಶ್ವ ಆರೋಗ್ಯ ಸಂಸ್ಥೆ, ನಿಮ್ಮ ಬಿಪಿಗೆ ಇನ್ನೂ ಕಮ್ಮಿ ಬೇಕಾ ಅಂತ ಡಾಕ್ಟರನ್ನ ಕೇಳ್ಕೊಳ್ಳಿ.

ರಾಜ್ಮಾ ಕಾಳಿನ ವಿಷಯದಲ್ಲಂತೂ ಡಬ್ಬಿಯದು ಒಂದು ರೀತಿ ಹೆಚ್ಚು ನೆಮ್ಮದಿ. ಒಣ ರಾಜ್ಮಾದಲ್ಲಿ ಲೆಕ್ಟಿನ್ ಅನ್ನೋ ವಿಷದ ಅಂಶ ಇರತ್ತೆ, ನಾಲ್ಕೈದು ಹಸಿ ಕಾಳು ತಿಂದ್ರೂ ವಾಂತಿ ಶುರುವಾಗಬಹುದು. ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಚೆನ್ನಾಗಿ ಕುದಿಸಿದ್ರೆ ಅದು ಹೋಗತ್ತೆ, ಆದ್ರೆ ಕೆಲಸ ಸುಲಭ ಆಗತ್ತೆ ಅಂತ ಕಾಳನ್ನ ಕುದಿಸದೇ ನೇರ ಸ್ಲೋ ಕುಕ್ಕರಿಗೆ ಹಾಕ್ತಾರಲ್ಲ, ಅದು ಅಪಾಯ, ಕುದಿಯೋಷ್ಟು ಬಿಸಿ ಬರದೇ ಇದ್ರೆ ವಿಷ ಇನ್ನೂ ಜಾಸ್ತಿ ಆಗತ್ತೆ. ಡಬ್ಬಿಯದು ಪೂರ್ತಿ ಬೆಂದಿರತ್ತೆ. ಉಬ್ಬಿರೋ ಡಬ್ಬಿ ಮುಟ್ಟಬೇಡಿ, ಮಿಕ್ಕಿದ ಕಾಳನ್ನ ತೆರೆದ ಡಬ್ಬಿಯಲ್ಲೇ ಬಿಡದೆ ಬೇರೆ ಪಾತ್ರೆಗೆ ಹಾಕಿ ಫ್ರಿಜ್ಜಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ.

ಪ್ರಶ್ನೆ: ಕೆಲಸ ಮುಗಿಸಿ ಬರೋಷ್ಟರಲ್ಲಿ ನಂಗೆ ಏನೂ ಉಳಿದಿರಲ್ಲ. ತರಕಾರಿ ತರ್ತೀನಿ, ಕೊಳೀತಾವೆ, ಎಸೀತೀನಿ, ಬಿಸ್ಕತ್ತು ತಿಂದು ಮಲಗ್ತೀನಿ. ನಾಚಿಕೆ ಆಗತ್ತೆ.

ಉತ್ತರ: ನಾಚಿಕೆ ಪಡೋ ವಿಷಯ ಇದಲ್ಲ. ತರಕಾರಿ ತರೋ ದಿನ ಇರೋ ಶಕ್ತಿ ಬೇರೆ, ಹೆಚ್ಚಬೇಕಾದ ದಿನ ಇರೋ ಶಕ್ತಿ ಬೇರೆ, ಅದಕ್ಕೇ ಕೊಳೆಯೋದು. ನಿಮ್ಮ ಅತಿ ಕೆಟ್ಟ ಸಂಜೇನ ಮನಸ್ಸಲ್ಲಿಟ್ಕೊಂಡು ಸಾಮಾನು ತನ್ನಿ, ಒಳ್ಳೆ ಸಂಜೇನಲ್ಲ. ಬೆಂದ ಅನ್ನದ ಪೌಚ್, ಬೆಂದ ಕಾಳಿನ ಡಬ್ಬಿ, ಫ್ರೋಜನ್ ಮಿಕ್ಸ್ ತರಕಾರಿ, ಈ ಮೂರು ಮನೇಲಿದ್ರೆ ಒಂದೇ ಬಾಣಲೆ, ಮೊದಲು ತರಕಾರಿ, ಅದು ಬೆಂದ ಮೇಲೆ ಉಳಿದೆರಡು, ನಿಮಗಿಷ್ಟದ ಮಸಾಲೆ ಪುಡಿ, ಹತ್ತು ಹದಿನೈದು ನಿಮಿಷದಲ್ಲಿ ಅನ್ನ ಕಾಳು ತರಕಾರಿ ಎಲ್ಲ ಇರೋ ತಟ್ಟೆ ರೆಡಿ, ಚಾಕು ಮುಟ್ಟೋದೇ ಬೇಡ. ಅದೂ ಆಗದ ದಿನಕ್ಕೆ ಬಿಸಿನೀರು ಹಾಕಿದ್ರೆ ಸಾಕು ಅನ್ನೋ ಓಟ್ಸು. ಪ್ಯಾಕೆಟ್ ಸೂಪ್ ಇದ್ರೆ ಅದಕ್ಕೂ ಒಂದು ಹಿಡಿ ಫ್ರೋಜನ್ ಬಟಾಣಿ ಹಾಕಿ ಕುದಿಸಿ, ಉಪ್ಪಿರೋದು ಜಾಸ್ತಿ ಆ ಪುಡಿಯಲ್ಲೇ, ಪೂರ್ತಿ ಸುರಿಯೋದು ಬೇಡ.

ಮಿಕ್ಕಿದ ಅನ್ನ ಮಾತ್ರ ಒಲೆ ಮೇಲೆ ರಾತ್ರಿಯಿಡೀ ಬಿಡಬೇಡಿ. ಅಕ್ಕಿಯಲ್ಲಿರೋ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದ್ರೂ ಉಳೀತಾವೆ, ಹೊರಗಿಟ್ರೆ ಬೆಳೆದು ವಿಷ ಮಾಡ್ತಾವೆ, ಆಮೇಲೆ ಎಷ್ಟು ಬಿಸಿ ಮಾಡಿದ್ರೂ ಆ ವಿಷ ಹೋಗಲ್ಲ.

ಇನ್ನೊಂದು ಕೇಳ್ಬೇಕು ನಿಮ್ಮನ್ನ. ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಹೀಗಿದ್ರೆ, ಊಟ ಒಂದೇ ಅಲ್ಲ ಬೇರೆ ಯಾವ್ದರಲ್ಲೂ ಆಸಕ್ತಿ ಇಲ್ಲ ಅಂತಿದ್ರೆ, ಡಾಕ್ಟರ್ ಹತ್ರ ಹೋಗಿ ಹೀಗ್ಹೀಗೆ ಅಂತ ಹೇಳಿ. ಖಿನ್ನತೆ ಇರಬಹುದು, ರಕ್ತಹೀನತೆ, ಥೈರಾಯ್ಡ್ ಏನಾದ್ರೂ ಇರಬಹುದು, ಎಲ್ಲದಕ್ಕೂ ಚಿಕಿತ್ಸೆ ಇದೆ.

ಪ್ರಶ್ನೆ: ನಮ್ಮನೆಯವರಿಗೆ ಸ್ಟ್ರೋಕ್ ಆಗಿ ಎಡಗೈ ಸ್ವಾಧೀನ ಇಲ್ಲ. ಮೊದಲು ಅಡುಗೆ ಅಂದ್ರೆ ಅವರಿಗೆ ಪ್ರಾಣ. ಈಗ ಅಡುಗೆಮನೆಗೆ ಬಂದು ನಿಂತು ವಾಪಸ್ ಹೋಗ್ತಾರೆ. ಒಂದು ಕೈಯಲ್ಲಿ ಏನು ಮಾಡಬಹುದು?

ಉತ್ತರ: ತುಂಬಾನೇ ಮಾಡಬಹುದು, ನಿಜವಾಗ್ಲೂ. ಅವರು ಅಡುಗೆಮನೆವರೆಗೂ ಬರ್ತಿದಾರಲ್ಲ, ಅದನ್ನ ಓದಿ ನಂಗೆ ತುಂಬಾ ಸಮಾಧಾನ ಆಯ್ತು. ಮೊದಲು ಆಕ್ಯುಪೇಷನಲ್ ಥೆರಪಿಸ್ಟ್, ಅಂದ್ರೆ ದಿನನಿತ್ಯದ ಕೆಲಸಗಳನ್ನ ಮತ್ತೆ ಮಾಡೋಕೆ ಕಲಿಸೋ ತಜ್ಞರ ಹತ್ರ ಮಾತಾಡಿ, ಅಡುಗೆಮನೆ ಅಭ್ಯಾಸ ಮಾಡಿಸೋದು ಅವರ ಕೆಲಸದ ಭಾಗವೇ.

ಒಂದು ಕೈಯಲ್ಲಿ ಕಷ್ಟ ಆಗೋದು ಕತ್ತರಿಸೋದಲ್ಲ, ಕತ್ತರಿಸೋವಾಗ ಇನ್ನೊಂದು ಕಡೆ ಹಿಡ್ಕೊಳ್ಳೋದು. ಹಲಗೆ ಕೆಳಗೆ ಒದ್ದೆ ಬಟ್ಟೆ ಹಾಸಿದ್ರೆ ಅದು ಜಾರಲ್ಲ, ಮೊಳೆ ಇರೋ ಹಲಗೆ ಸಿಗತ್ತೆ, ತರಕಾರಿನ ಅದಕ್ಕೆ ಚುಚ್ಚಿ ನಿಲ್ಲಿಸಬಹುದು, ಅರ್ಧಚಂದ್ರದ ರಾಕರ್ ಚಾಕು ಒಂದೇ ಕೈಯಲ್ಲಿ ಹಿಂದೆ ಮುಂದೆ ಆಡಿಸಿದ್ರೆ ಕತ್ತರಿಸತ್ತೆ. ಆದ್ರೆ ಶುರುವಿಗೆ ಇದ್ಯಾವುದೂ ಬೇಡ, ಹೆಚ್ಚಿದ ತರಕಾರಿಯಿಂದಲೇ ಶುರು ಮಾಡಲಿ. ಪ್ಯಾಕೆಟ್ ಒಡೆಯೋದು ಹೀಗೆ: ಪ್ಯಾಕೆಟ್ಟನ್ನ ಅಗಲ ಬಾಯಿಯ ಭಾರದ ಮಗ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಮೇಲಿನ ಅಂಚನ್ನ ಕತ್ತರಿಯಿಂದ ಕತ್ತರಿಸಿ, ಮಗ್ಗೇ ಎತ್ತಿ ಸುರೀಬಹುದು. ಡಬ್ಬಿಗೆ ಎಲೆಕ್ಟ್ರಿಕ್ ಓಪನರ್ ತನ್ನಿ, ರಿಂಗ್ ಎಳೆಯೋ ಡಬ್ಬಿ ಎರಡು ಕೈಗೆ ಸುಲಭ, ಒಂದು ಕೈಗೆ ಅಲ್ಲ.

ಬಿಸಿನೀರಿನ ಪಾತ್ರೆ ಎತ್ತಿ ಬಸಿಯೋದು ಮಾತ್ರ ಬೇಡ. ನೀರಿಗೆ ಮೊದಲೇ ಜಾಲರಿ ಬುಟ್ಟಿ ಇಳಿಸಿ ಅದರೊಳಗೆ ಬೇಯಿಸಿದ್ರೆ, ಆದ್ಮೇಲೆ ಬುಟ್ಟಿ ಎತ್ತಿದ್ರೆ ಸಾಕು, ನೀರು ತಣ್ಣಗಾದ ಮೇಲೆ ಚೆಲ್ಲಬಹುದು. ಆ ಎಡಗೈಯಲ್ಲಿ ಸ್ಪರ್ಶ ಗೊತ್ತಾಗ್ತಿಲ್ಲ ಅಂದ್ರೆ ಸುಟ್ಟರೂ ತಿಳಿಯಲ್ಲ, ಒಲೆ ಹತ್ರ ಆ ಕೈ ಎಲ್ಲಿದೆ ಅಂತ ಕಣ್ಣಲ್ಲಿ ನೋಡ್ಕೊಳ್ಳೋ ಅಭ್ಯಾಸ ಆಗಬೇಕು. ಕೂತು ಮಾಡೋಕೆ ಒಂದು ಗಟ್ಟಿ ಕುರ್ಚಿ ಹಾಕಿ. ಮೊದಲ ವಾರ ಮೈಕ್ರೋವೇವಲ್ಲಿ ಆಗೋದನ್ನೇ ಮಾಡಲಿ, ಸಾಮಾನೆಲ್ಲ ಅವರ ಬಲಗೈಗೆ ಎಟುಕೋ ಎತ್ತರದಲ್ಲಿ ಜೋಡಿಸಿಡಿ, ಮತ್ತೆ ಅವರಾಗೇ ಕೇಳೋವರೆಗೂ ನೀವು ಮಧ್ಯೆ ಕೈ ಹಾಕಬೇಡಿ, ಬಿಸಿನೀರಿನ ವಿಷಯ ಒಂದು ಬಿಟ್ಟು.