ಘಾನಾದ ಎಲ್‌ಸಿ ನಂಬಬಹುದೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಫೌಂಡ್ರಿ. ಘಾನಾದ ಗಿರಾಕಿ ಅಲ್ಲಿನ ಇಕೋಬ್ಯಾಂಕ್ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಅಂದರೆ ಸರಿಯಾದ ಕಾಗದಪತ್ರ ಒಪ್ಪಿಸಿದರೆ ಹಣ ಕೊಡುತ್ತೇವೆಂಬ ಬ್ಯಾಂಕಿನ ಭರವಸೆ) ಕೊಡುತ್ತೇನೆ ಎನ್ನುತ್ತಾರೆ. ಮಾಲು ಕಳಿಸಬಹುದೇ?

ಉತ್ತರ: ಬ್ಯಾಂಕು ನಿನ್ನೆ ಮೊನ್ನೆಯದಲ್ಲ. 1985ರಲ್ಲಿ ಹುಟ್ಟಿದ್ದು, ಪ್ರಧಾನ ಕಚೇರಿ ಟೋಗೋದ ಲೋಮೆಯಲ್ಲಿ, ವಹಿವಾಟು 30ಕ್ಕೂ ಹೆಚ್ಚು ಆಫ್ರಿಕನ್ ದೇಶಗಳಲ್ಲಿ. ಆದರೆ ಎಲ್‌ಸಿಗೆ ಹೊಣೆ ಅದನ್ನು ಕೊಟ್ಟ ಘಾನಾದ ಘಟಕ ಮಾತ್ರ. ಬ್ಯಾಂಕು ಗಟ್ಟಿಯಿದ್ದರೂ ದೇಶದಲ್ಲಿ ಡಾಲರ್ ಬತ್ತಿದರೆ ಹಣ ತಡವಾದೀತು. 2022ರ ಡಿಸೆಂಬರ್‌ನಲ್ಲಿ ಘಾನಾ ಸರ್ಕಾರವೇ ಬಹುಪಾಲು ವಿದೇಶಿ ಸಾಲದ ಕಂತು ನಿಲ್ಲಿಸಿತ್ತು. ಹಾಗಾಗಿ ಕನ್ಫರ್ಮ್ಡ್ ಎಲ್‌ಸಿಯನ್ನೇ, ಅಂದರೆ ಘಾನಾದ ಹೊರಗಿನ ಇನ್ನೊಂದು ಬ್ಯಾಂಕೂ ಹಣದ ಖಾತ್ರಿ ಸೇರಿಸಿದ ಎಲ್‌ಸಿಯನ್ನೇ ಕೇಳಿ.

ವಾಟ್ಸ್ಆ್ಯಪ್‌ನ ಪಿಡಿಎಫ್ ಲೆಕ್ಕಕ್ಕಿಲ್ಲ. ಬ್ಯಾಂಕುಗಳ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಬಂದ ಎಂಟಿ 700 (ಎಲ್‌ಸಿ ಕಳಿಸುವ ನಮೂನೆ) ಸಂದೇಶದ 49ನೇ ಕಲಂ ನೋಡಿ: ‘ವಿತೌಟ್’ ಎಂದಿದ್ದರೆ ನಿಮ್ಮ ಬ್ಯಾಂಕಿನದು ಬರೀ ಅಂಚೆಯವನ ಕೆಲಸ. ‘ಕನ್ಫರ್ಮ್’ ಎಂದಿದ್ದರೂ, ಖಾತ್ರಿ ಸೇರಿಸಿದ್ದೇವೆ ಎಂಬ ಪತ್ರ ಕೈಗೆ ಬರುವವರೆಗೆ ಮಾಲು ಹೊರಡಿಸಬೇಡಿ. ಆ ಖಾತ್ರಿಯ ಶುಲ್ಕ ಯಾರದೆಂದು ದರ ಹೇಳುವ ಮೊದಲೇ ಇತ್ಯರ್ಥವಾಗಲಿ. ಎಲ್‌ಸಿಯಲ್ಲಿ ಬೇರೆ ಗಡುವು ಇಲ್ಲದಿದ್ದರೆ, ಹಡಗಿಗೇರಿಸಿದ 21 ದಿನದೊಳಗೆ, ಎಲ್‌ಸಿ ಅವಧಿ ಮುಗಿಯುವ ಮುಂಚೆ, ಕಾಗದಪತ್ರ ಒಪ್ಪಿಸಬೇಕು.