ಪ್ರಶ್ನೋತ್ತರ: ತೆರೆಗೆ ಬಾರದ ಸಾಲಿನಲ್ಲೂ ಪದ ಸಿಗಬೇಕು

ಪ್ರಶ್ನೆ: ನಮ್ಮ ವೆಬ್ ಆ್ಯಪ್‌ನಲ್ಲಿ ಹತ್ತು ಸಾವಿರ ಸಾಲುಗಳ ಪಟ್ಟಿಯಿದೆ. ಕಂಟ್ರೋಲ್-ಎಫ್ ಒತ್ತಿ ಹುಡುಕಿದರೆ ತೆರೆಯ ಮೇಲಿರುವ ಸಾಲುಗಳಲ್ಲಷ್ಟೇ ಪದ ಸಿಗುತ್ತದೆ. ನಮ್ಮದೇ ಹುಡುಕುಪೆಟ್ಟಿಗೆ ಸೇರಿಸುವುದು ಹೇಗೆ?

ಉತ್ತರ: ವೇಗಕ್ಕಾಗಿ ನಿಮ್ಮ ಪಟ್ಟಿ ಕಣ್ಣಿಗೆ ಬೀಳುವ ಸಾಲುಗಳನ್ನಷ್ಟೇ ಡಾಮ್‌ನಲ್ಲಿ (DOM, ಅಂದರೆ ಬ್ರೌಸರ್ ಪುಟವನ್ನು ನೆನಪಿನಲ್ಲಿ ಕಟ್ಟಿಕೊಳ್ಳುವ ರಚನೆ) ಇಟ್ಟುಕೊಂಡಿದೆ. ಬ್ರೌಸರ್ ಹುಡುಕುವುದು ಅಲ್ಲಿ ಮಾತ್ರ. ಆದ್ದರಿಂದ ಡಾಮ್ ಬಿಟ್ಟು ಮೂಲ ದತ್ತಾಂಶದಲ್ಲಿ ಹುಡುಕಿ. ಪದ ಸಿಕ್ಕ ಸಾಲಿನ ಐಡಿ, ಸಾಲಿನಲ್ಲಿ ಅದರ ಸ್ಥಾನ, ಉದ್ದ ಇಷ್ಟನ್ನು ನೆನಪಿಟ್ಟುಕೊಳ್ಳಿ. ‘ಮುಂದಿನದು’ ಒತ್ತಿದಾಗ ಮೊದಲು ಪಟ್ಟಿಯನ್ನು ಆ ಸಾಲಿಗೆ ಸರಿಸಿ. ಸಾಲು ರೆಂಡರ್ ಆದ, ಅಂದರೆ ತೆರೆಯ ಮೇಲೆ ಮೂಡಿದ ಮೇಲೆಯೇ ಪದಕ್ಕೆ ಬಣ್ಣ ಹಚ್ಚಿ. ಈ ಕ್ರಮ ತಪ್ಪಿದರೆ ‘40ರಲ್ಲಿ 7’ ಎಂಬ ಎಣಿಕೆ ಸರಿಯಾಗಿ ಬಂದರೂ ಪದವೇ ಕಾಣುವುದಿಲ್ಲ.

ಬಣ್ಣಕ್ಕಾಗಿ ಪದದ ಸುತ್ತ ಮಾರ್ಕ್ ಟ್ಯಾಗ್ ತುರುಕಲೇಬೇಡಿ. ಪುಟ ಕಟ್ಟಿಕೊಡುವ ರಿಯಾಕ್ಟ್‌ನಂಥ ಲೈಬ್ರರಿಗಳು ತಾವು ಕಟ್ಟಿದ ಡಾಮ್ ಹಾಗೇ ಇದೆಯೆಂದು ನಂಬಿರುತ್ತವೆ. ಮುಂದಿನ ರೆಂಡರ್‌ನಲ್ಲಿ ಎರರ್ ಬರಬಹುದು, ಇಲ್ಲವೇ ಹಳೆಯ ಪಠ್ಯ ಅಲ್ಲೇ ಉಳಿಯಬಹುದು. ಅದರ ಬದಲು ಬ್ರೌಸರ್‌ನಲ್ಲೇ ಇರುವ ಸಿಎಸ್ಎಸ್ ಕಸ್ಟಮ್ ಹೈಲೈಟ್ ಎಪಿಐ ಬಳಸಿ. ಪ್ರತಿ ಹೊಂದಿಕೆಗೆ ಒಂದು ರೇಂಜ್ (ಎಲ್ಲಿಂದ ಎಲ್ಲಿಯವರೆಗೆ ಎಂಬ ಗುರುತು) ಮಾಡಿ ಹೈಲೈಟ್‌ಗೆ ಸೇರಿಸಿದರೆ ಡಾಮ್ ಮುಟ್ಟದೆಯೇ ಬಣ್ಣ ಬರುತ್ತದೆ. ಪದದ ಅರ್ಧ ಬೋಲ್ಡ್ ಟ್ಯಾಗ್‌ನೊಳಗಿದ್ದರೂ ರೇಂಜ್ ದಾಟಿಕೊಂಡು ಹೋಗುತ್ತದೆ. ಕ್ರೋಮ್ 105, ಸಫಾರಿ 17.2, ಫೈರ್‌ಫಾಕ್ಸ್ 140ರಿಂದ ಈ ಸೌಲಭ್ಯವಿದೆ. ಹಿನ್ನೆಲೆ, ಅಕ್ಷರದ ಬಣ್ಣ, ಅಡಿಗೆರೆ ಸಾಧ್ಯ. ಬಾರ್ಡರ್, ಪ್ಯಾಡಿಂಗ್ ಆಗದು. ಸಾಲು ಮತ್ತೆ ರೆಂಡರ್ ಆದಾಗಲೆಲ್ಲ ರೇಂಜ್ ಹೊಸದಾಗಿ ಮಾಡಬೇಕು.

ಕಂಟ್ರೋಲ್-ಎಫ್ ಅನ್ನು ಕೀಡೌನ್‌ನಲ್ಲಿ (ಕೀಲಿ ಒತ್ತಿದ ಕ್ಷಣ ಬರುವ ಸೂಚನೆ) ಹಿಡಿದು, ಬ್ರೌಸರ್ ತನ್ನ ಪೆಟ್ಟಿಗೆ ತೆರೆಯದಂತೆ ಪ್ರಿವೆಂಟ್‌ಡಿಫಾಲ್ಟ್ ಕೊಡಿ. ಮ್ಯಾಕ್‌ನ ಕಮಾಂಡ್-ಎಫ್ ಮರೆಯಬೇಡಿ. ನಿಮ್ಮ ಪೆಟ್ಟಿಗೆಯಲ್ಲಿ ಕರ್ಸರ್ ಇರುವಾಗ ಮತ್ತೊಮ್ಮೆ ಒತ್ತಿದರೆ ಬ್ರೌಸರ್‌ನದೇ ತೆರೆದುಕೊಳ್ಳಲಿ. ಬಳಕೆದಾರರ ಕೈಯಿಂದ ಅದನ್ನು ಪೂರ್ತಿ ಕಿತ್ತುಕೊಳ್ಳುವುದು ಸರಿಯಲ್ಲ. ಟೈಪಿಂಗ್ ನಿಂತು 150 ಮಿಲಿಸೆಕೆಂಡ್ ಕಳೆದ ಮೇಲೆ ಹುಡುಕಿದರೆ ಸಾಕು. ಎಣಿಕೆಯನ್ನು ಏರಿಯಾ-ಲೈವ್ (aria-live) ಗುಣವಿರುವ ಜಾಗದಲ್ಲಿ ತೋರಿಸಿ, ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ.

ಪ್ರಶ್ನೆ: ಕಣ್ಣಿಗೆ ಒಂದೇ ಥರ ಕಾಣುವ ಕನ್ನಡ ಪದಗಳು ಹೊಂದುವುದಿಲ್ಲವೇಕೆ?

ಉತ್ತರ: ‘ಕೊ’ದ ಒತ್ವ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿರಬಹುದು, ಎ ಮತ್ತು ಊ ಚಿಹ್ನೆಗಳ ಜೋಡಿಯಾಗಿಯೂ ಇರಬಹುದು. ಹುಡುಕುವ ಪದ, ಪಠ್ಯ ಎರಡನ್ನೂ ನಾರ್ಮಲೈಸ್ ಮಾಡಿ ಎನ್ಎಫ್‌ಸಿ ರೂಪಕ್ಕೆ (ಇಂಥ ಜೋಡಿಗಳು ಒಂದೇ ಸಂಕೇತವಾಗುವ ರೂಪ) ತನ್ನಿ. ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ಅಡಗಿರುವ ಶೂನ್ಯ ಅಗಲದ ನಾನ್‌ಜಾಯಿನರ್ (ಅಕ್ಷರಗಳು ಒತ್ತಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ) ಅನ್ನು ಹೋಲಿಕೆಗೆ ಮುಂಚೆ ತೆಗೆಯಿರಿ. ಇವೆರಡರಿಂದಲೂ ಉದ್ದ ಬದಲಾಗುವುದರಿಂದ, ಹೊಸ ಪಠ್ಯದ ಪ್ರತಿ ಸ್ಥಾನಕ್ಕೂ ಮೂಲದ ಸ್ಥಾನ ಹೇಳುವ ಒಂದು ಪಟ್ಟಿ ಬೇಕು. ಅದಿಲ್ಲದಿದ್ದರೆ ಬಣ್ಣ ಒಂದೆರಡು ಅಕ್ಷರ ಆಚೀಚೆ ಬೀಳುತ್ತದೆ. ‘ಇಡೀ ಪದ ಮಾತ್ರ’ ಎಂಬ ಆಯ್ಕೆಯನ್ನು ಮೊದಲೇ ಆನ್ ಮಾಡಿಡಬೇಡಿ: ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುವುದರಿಂದ ‘ಮರ’ ಎಂದು ಹುಡುಕಿದವರಿಗೆ ‘ಮರದಲ್ಲಿ’ ಸಿಗದೆ ಹೋಗುತ್ತದೆ.